ನೇರಲ ಬೆಡಗಿನ ಲಚ್ಚಪ್ಪಜ್ಜ

ನನಗೀಗ ಎಪ್ಪತ್ತೊಂದು. ಮೈಯಲ್ಲಿ ಸಕ್ಕರೆ ಸೇರಿಕೊಂಡು ಆರು ವರ್ಷವಾಯಿತು. ಡಾಕ್ಟರು ಕೊಟ್ಟ ಗುಳಿಗೆಯನ್ನು ಎರಡು ಹೊತ್ತೂ ತಪ್ಪದೆ ನುಂಗುತ್ತೇನೆ. ಆದರೆ ನನ್ನ ತಮ್ಮನ ಮೊಮ್ಮಗಳು ಪ್ರಾಜಕ್ತಾಳಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಹೋದ ತಿಂಗಳು ನಿಪ್ಪಾಣಿ ಪೇಟೆಯಿಂದ ಒಂದು ಡಬ್ಬಿ ತಂದು ನನ್ನ ಮುಂದಿಟ್ಟಳು. ನೇರಳೆ ಬೀಜದ ಪುಡಿ. ನೇರಳೆಗೆ ನಮ್ಮ ಕಡೆ ನೇರಲ ಎನ್ನುತ್ತಾರೆ.

“ಮುಂಜಾನೆದ್ದ ಒಂದ ಚಮಚ ನೀರಾಗ ಕಲಸಿ ಕುಡೀ ಆಯಿ. ಸಕ್ರಿ ಸರ್ರಂತ ಇಳೀತೈತಿ.”

“ಅದನ್ನ ಒಯ್ದ ಒಳಗಿಡು. ನಾ ನೇರಲ ಬಾಯಾಗ ಹಾಕೂದಿಲ್ಲ.”

“ಯಾಕ, ಒಗರ ಇರತೈತಂತನಾ?”

“ಈ ಮನಿ ಬೆಡಗ ಅದು. ನೀನೂ ತಿನ್ನಬಾರದು. ನಿಮ್ಮಪ್ಪ ಹೇಳಿಲ್ಲೇನು?”

ಹುಡುಗಿ ಬಿದ್ದು ಬಿದ್ದು ನಕ್ಕಳು. “ಆಯಿ, ಚಿಕ್ಕೋಡಿ ಕಾಲೇಜಿನ ಮುಂದ ನೇರಲ ಐಸ್‌ಕ್ರೀಮ್ ಎಷ್ಟ ತಿಂದೇನೋ ಏನೋ. ನಿನ್ನ ಬೆಡಗ ನನ್ನ ಹೊಟ್ಟ್ಯಾಗ ಯಾವಾಗೋ ಕರಗಿ ಹೋಗೇತಿ. ಅದೂ ಅಲ್ಲದ, ನೀ ಲಗ್ನ ಆಗಿ ಹೋದಾಕಿ. ನಿನಗ ಗಂಡನ ಮನಿ ಬೆಡಗ ಅಲ್ಲೇನು?”

ಮಾತು ಸರಿಯೇ ಇತ್ತು. ನಾನೂ ನಕ್ಕೆ. ಅವಳು ಹೋದ ಮೇಲೆ ಮಾತ್ರ ಡಬ್ಬಿಯ ಎದುರು ಬಹಳ ಹೊತ್ತು ಕುಳಿತೆ. ಇವಳಿಗೆ ಹೇಳಿದವರಿಲ್ಲ. ತಮ್ಮ ತೀರಿಕೊಂಡ. ಈ ಮನೆಯಲ್ಲಿ ಇನ್ನು ಆ ಸುದ್ದಿ ಗೊತ್ತಿರುವವಳು ನಾನೊಬ್ಬಳೇ. ಅದಕ್ಕೆ ಬರೆಯಲು ಕುಳಿತಿದ್ದೇನೆ. ಬರೆಯುವುದನ್ನು ನನಗೆ ಯಾವ ಮಾಸ್ತರನೂ ಕಲಿಸಲಿಲ್ಲ. ನೂಲಿನ ಗಂಟಿಗೆ ಸುತ್ತಿ ಬರುತ್ತಿದ್ದ ಹಳೆಯ ಪೇಪರಿನಿಂದ ಒಂದೊಂದೇ ಅಕ್ಷರ ಹೆಕ್ಕಿ ಕಲಿತವಳು ನಾನು. ಆ ಪೇಪರು ಹರಿಯದಂತೆ ಬಿಚ್ಚಿ, ಮಡಿಸಿ, ನನಗಾಗಿ ತೆಗೆದಿಡುತ್ತಿದ್ದವನು ಅಜ್ಜ.

ಅಜ್ಜನ ಹೆಸರು ಲಚ್ಚಪ್ಪ. ಬೋರಗಾಂವದ ನೇಕಾರ ಓಣಿಯಲ್ಲಿ ಹತ್ತು ಮಗ್ಗ ಒಟ್ಟಿಗೆ ಆಡುತ್ತಿದ್ದರೂ ಇದು ಲಚ್ಚಪ್ಪನ ಮಗ್ಗ ಎಂದು ಸದ್ದಿನ ಮೇಲೆ ಹೇಳುತ್ತಿದ್ದರು. ಆದರೆ ಅವನು ನಮ್ಮ ಊರಿನವನಲ್ಲ, ನಮ್ಮ ಸೀಮೆಯವನೂ ಅಲ್ಲ. ಎಂಟೋ ಒಂಬತ್ತೋ ವರ್ಷದವನಿದ್ದಾಗ ತೆಲುಗು ಸೀಮೆಯಿಂದ ತಂದೆ ತಾಯಿಯ ಜೊತೆ ನಡೆದು ಬಂದವನು. ಇಚಲಕರಂಜಿಯಲ್ಲಿ ಕೈತುಂಬ ನೇಯ್ಗೆ ಇದೆ ಎಂದು ಯಾರೋ ಹೇಳಿದ್ದರಂತೆ. ಮಗ್ಗ ಬಿಚ್ಚಿ ಮಾರಿ, ಲಾಳಿಯೊಂದನ್ನು ಗಂಟಿನಲ್ಲಿ ಕಟ್ಟಿಕೊಂಡು ಹೊರಟಿದ್ದರು. ದಾರಿಯಲ್ಲಿ ವಾಂತಿಭೇದಿ ಗಂಟು ಬಿತ್ತು. ಅಥಣಿ ದಾಟುವಾಗ ತಂದೆ ಹೋದ. ಯಾರದೋ ಹೊಲದ ಬದುವಿನಲ್ಲಿ ಯಾರೋ ಮಣ್ಣು ಮಾಡಿದರು. ತಾಯಿ ಮಗ ಇಬ್ಬರೇ ಕೃಷ್ಣೆಯನ್ನು ದಾಟಿ, ಚಿಕ್ಕೋಡಿಯ ಮೇಲೆ ಹಾಯ್ದು, ನಮ್ಮ ದೂಧಗಂಗೆಯ ದಂಡೆಗೆ ಬಂದು ಮುಟ್ಟಿದರು. ಇಚಲಕರಂಜಿ ಇನ್ನು ಅರ್ಧ ದಿನದ ಹಾದಿ. ತಾಯಿಗೆ ಆ ಅರ್ಧ ದಿನ ಸಿಗಲಿಲ್ಲ.

ನೂಲು ತೊಳೆಯಲು ಹೊಳೆಗೆ ಹೋಗಿದ್ದ ನಮ್ಮೂರ ಜಕ್ಕಪ್ಪ ಎಂಬ ನೇಕಾರ ಹುಡುಗನನ್ನು ಕಂಡು, ಅವನ ತಾಯಿಯನ್ನು ಅಲ್ಲಿಯೇ ಮಣ್ಣು ಮಾಡಿಸಿ, ಅವನನ್ನು ಮನೆಗೆ ಕರೆತಂದ. ಓಣಿಯವರು ಬಾಗಿಲಲ್ಲಿ ನೆರೆದರು. ಯಾರ ಪೈಕಿಯೋ ಏನೋ, ಹೀಗೆ ಒಳಗೆ ಕರೆದುಕೊಳ್ಳಬಹುದೇ ಎಂದರು. ಹುಡುಗನಿಗೆ ಕನ್ನಡ ಬಾರದು, ಇವರಿಗೆ ತೆಲುಗು ಬಾರದು. ಜಕ್ಕಪ್ಪ ಮಾತಾಡದೆ ಅವನ ರಟ್ಟೆ ಹಿಡಿದು ಮಗ್ಗದ ಕುಣಿಯೊಳಗೆ ಇಳಿಸಿದ. ಹಾಸಿನಲ್ಲಿ ಒಂದು ಎಳೆ ಕಡಿದಿತ್ತು. ಹುಡುಗನ ಕಾಲು ಕೆಳಗಿನ ಹಲಗೆಗೆ ಎಟುಕುತ್ತಿರಲಿಲ್ಲ. ಆದರೆ ಕೈ ತಾನಾಗಿ ಹೋಗಿ ಕಡಿದ ಎಳೆಯನ್ನು ಹುಡುಕಿತು. ಎರಡೂ ತುದಿಗೆ ಎಂಜಲು ಹಚ್ಚಿ, ಬೆರಳ ನಡುವೆ ಒಮ್ಮೆ ಹೊಸೆದು, ಗಂಟು ಹಾಕದೆಯೇ ಕೂಡಿಸಿ ಬಿಟ್ಟ. ಜಗ್ಗಿ ನೋಡಿದರೆ ಹರಿಯಲಿಲ್ಲ.

“ನೋಡ್ರಿ” ಎಂದನಂತೆ ಜಕ್ಕಪ್ಪ. “ಇಂವಗ ಬಾಯಿ ಬರೂದಿಲ್ಲ, ಕೈ ಮಾತಾಡಾಕತ್ತೇತಿ. ನಮ್ಮಂವ ಅದಾನ.”

ಅಂದಿನಿಂದ ಅಜ್ಜ ಆ ಮನೆಯ ರೊಟ್ಟಿ ತಿಂದ. ಓಣಿಯ ಹುಡುಗರು ತೆಲಂಗ್ಯಾ ತೆಲಂಗ್ಯಾ ಎಂದು ಕಾಡುತ್ತಿದ್ದರು. ಕನ್ನಡ ಬಂತು, ಮರಾಠಿ ಬಂತು, ತೆಲುಗು ಒಂದೊಂದೇ ಮಾತಾಗಿ ಉದುರಿ ಹೋಯಿತು. ತನ್ನ ಊರಿನ ಹೆಸರು ಅವನಿಗೆ ನೆನಪಿರಲಿಲ್ಲ. ಊರ ಮುಂದೊಂದು ಕೆರೆ, ಏರಿಯ ಮೇಲೆ ತಾಳೆಮರಗಳ ಸಾಲು, ಅಷ್ಟೇ. ತಾಯಿಯ ಹೆಸರೂ ಗೊತ್ತಿರಲಿಲ್ಲ. ಮಕ್ಕಳು ತಾಯಿಯನ್ನು ಹೆಸರಿನಿಂದ ಕರೆಯುತ್ತವೆಯೇ? ಅಮ್ಮ ಎಂದಷ್ಟೇ ಕರೆದಿದ್ದ. ನಮ್ಮ ಸೀಮೆಯಲ್ಲಿ ತಾಯಿಗೆ ಅವ್ವ ಎನ್ನುತ್ತಾರೆ. ಆ ‘ಅಮ್ಮ’ವನ್ನು ಅಜ್ಜ ಯಾರಿಗೂ ಬಳಸದೆ ಎಲ್ಲಿಯೋ ಕಾದಿಟ್ಟುಕೊಂಡಿದ್ದ. ನಾನು ಹುಟ್ಟಿದ ಮೇಲೆ ನನಗೆ ಕೊಟ್ಟ. ನನ್ನ ಹೆಸರು ಗಂಗೂಬಾಯಿ. ಊರಿಗೆಲ್ಲ ಗಂಗೂ, ಅಜ್ಜನಿಗೊಬ್ಬನಿಗೆ ‘ಅಮ್ಮಾ’.

ಇನ್ನೊಂದು ಗುಣವಿತ್ತು ಅವನಲ್ಲಿ. ನಮ್ಮ ಕಡೆ ಯಾರೇ ಹೊಸಬರು ಕಂಡರೂ ಮೊದಲು ಬಾಯಿಗೆ ಬರುವುದು ‘ಯಾವೂರಾತ್ರಿ?’ ಎಂಬ ಮಾತು. ತಂಬಾಕಿನ ಸುಗ್ಗಿಗೆ ಕೊಂಕಣದಿಂದ ಕೂಲಿಗೆ ಬಂದವರು ನಮ್ಮ ಓಣಿಯಲ್ಲಿ ಹಾಯುತ್ತಿದ್ದರು. ಅಜ್ಜ ಒಬ್ಬರಿಗೂ ಊರು ಕೇಳಿದವನಲ್ಲ. “ಊಟ ಆತೇನು?” ಎನ್ನುತ್ತಿದ್ದ. ಇಲ್ಲವೆಂದರೆ ಮಗ್ಗ ಬಿಟ್ಟು ಏಳುತ್ತಿದ್ದ.

ಈಗ ಬೆಡಗಿನ ಮಾತು. ನಮ್ಮ ನೇಕಾರ ಜನದಲ್ಲಿ ಪ್ರತಿ ಮನೆತನಕ್ಕೂ ಒಂದು ಬೆಡಗು ಇರುತ್ತದೆ. ಗಿಡವೋ ಹೂವೋ ಕಾಳೋ, ಒಂದೊಂದು ಮನೆತನಕ್ಕೆ ಒಂದೊಂದರ ಹೆಸರು. ಯಾವುದರ ಹೆಸರೋ ಅದನ್ನು ಆ ಮನೆಯವರು ಕಡಿಯುವುದಿಲ್ಲ, ಸುಡುವುದಿಲ್ಲ, ತಿನ್ನುವುದಿಲ್ಲ. ಒಂದೇ ಬೆಡಗಿನವರು ಯಾವ ಊರಲ್ಲೇ ಇರಲಿ, ಮೊದಲು ನೋಡದೆಯೇ ಇರಲಿ, ಅಣ್ಣತಮ್ಮಂದಿರು. ಅವರ ಮಕ್ಕಳು ಅಣ್ಣತಂಗಿಯರು. ಅವರಲ್ಲಿ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಅದಕ್ಕೇ ಮದುವೆಯ ಮಾತಿಗೆ ಕುಳಿತಾಗ ಬೆಡಗು ಕೇಳದೆ ಎಲೆಯಡಿಕೆ ಮುಟ್ಟುವುದಿಲ್ಲ.

ಅಜ್ಜ ಇಪ್ಪತ್ತರವನಾದಾಗ ಜಕ್ಕಪ್ಪ ಅವನನ್ನು ಏಕಸಂಬಿಗೆ ಕರೆದುಕೊಂಡು ಹೋಗಿ ಹೆಣ್ಣು ತೋರಿಸಿದ. ಆ ಹೆಣ್ಣು ನನ್ನ ಅಜ್ಜಿ ಕೆಂಚವ್ವ. ಅವಳ ಕಾಕಾ, ಅಂದರೆ ಚಿಕ್ಕಪ್ಪ, ಹುಡುಗನ ಕೈ ನೋಡಿ ಮೆಚ್ಚಿ, ಬೆಡಗು ಯಾವುದೆಂದು ಕೇಳಿದ. ಜಕ್ಕಪ್ಪ ತನ್ನದನ್ನೇ ಹೇಳಿಬಿಡುವವನಿದ್ದ. ಆದರೆ ಅವನ ಬೆಡಗೂ ಅಜ್ಜಿಯ ತವರಿನ ಬೆಡಗೂ ಒಂದೇ ಎಂದು ಅಲ್ಲಿ ಕುಳಿತ ಮೇಲೆ ತಿಳಿದಿತ್ತು. ಹೇಳಿದರೆ ಹುಡುಗ ಹುಡುಗಿ ಅಣ್ಣತಂಗಿಯಾಗುತ್ತಿದ್ದರು. ಜಕ್ಕಪ್ಪ ನೆಲ ನೋಡುತ್ತ ಕುಳಿತ. ಎಲ್ಲರ ಕಣ್ಣೂ ಅಜ್ಜನ ಮೇಲೆ ಬಿತ್ತು.

“ನೇರಲ” ಎಂದ ಅಜ್ಜ.

“ನೇರಲ? ಕೇಳಿದಂಗಿಲ್ಲಲ್ರಿ.”

“ಈ ಕಡೆ ಇಲ್ರಿ. ಆ ಕಡೆ ಇರತಾರ” ಎಂದು ಜಕ್ಕಪ್ಪ ಎಲೆಯಡಿಕೆಯ ತಾಟು ಮುಂದೆ ಸರಿಸಿದ. ಮದುವೆಯಾಯಿತು.

ಹೀಗೆ ನಮ್ಮದು ನೇರಲ ಬೆಡಗಾಯಿತು. ಬೆಡಗನ್ನು ಅಜ್ಜ ನಡೆಸಿದ ಹಾಗೆ ನಡೆಸಿದವರನ್ನು ನಾನು ಕಂಡಿಲ್ಲ. ಮುಂಗಾರು ಹತ್ತಿ ಓಣಿಯ ಮಕ್ಕಳೆಲ್ಲ ನಾಲಗೆ ನೀಲಿ ಮಾಡಿಕೊಂಡು ತಿರುಗುವಾಗ ನಾನೂ ನನ್ನ ತಮ್ಮನೂ ಬಾಯಿ ಚಪ್ಪರಿಸುತ್ತ ನಿಲ್ಲುತ್ತಿದ್ದೆವು. ಏಳು ವರ್ಷದವಳಿದ್ದಾಗ ಒಮ್ಮೆ ತಡೆಯಲಾಗದೆ ಹೊಳೆಯ ಬಳಿ ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡೆ. ಮನೆಗೆ ಬಂದವಳ ಗದ್ದ ಹಿಡಿದು ಅಜ್ಜ ನಾಲಗೆ ನೋಡಿದ. ಏಟು ಬಿತ್ತು ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ತೆರೆದು ನೋಡಿದರೆ ಅಜ್ಜ ಹೋಗಿ ಮಗ್ಗದ ಕುಣಿಯಲ್ಲಿ ಇಳಿದು ಕುಳಿತಿದ್ದ. ಅಂದು ಹೊತ್ತು ಮುಳುಗುವವರೆಗೂ ಆ ಮಗ್ಗ ಸದ್ದು ಮಾಡಲಿಲ್ಲ. ಬೆಡಗಿಗೆ ತಪ್ಪಿ ನಡೆದೆನೆಂದು ಅಜ್ಜನಿಗೆ ಇಷ್ಟು ನೋವಾಯಿತು ಎಂದುಕೊಂಡೆ. ಮತ್ತೆಂದೂ ಆ ಹಣ್ಣು ಮುಟ್ಟಲಿಲ್ಲ.

ನಾನು ಹತ್ತೊಂಬತ್ತಕ್ಕೆ ಬಂದಾಗ ನಮ್ಮ ಓಣಿಯಲ್ಲಿ ಪವರ್‌ಲೂಮುಗಳು ಬರತೊಡಗಿದ್ದವು. ಅವುಗಳನ್ನು ಕೂಡಿಸಲು, ಕೆಟ್ಟರೆ ದುರಸ್ತಿ ಮಾಡಲು ರಾಯಬಾಗದಿಂದ ಒಬ್ಬ ಜಾಬರ್ ಬಂದ. ಮಷೀನಿನ ಮೇಸ್ತ್ರಿಗೆ ಹಾಗೆನ್ನುತ್ತಾರೆ. ಹೆಸರು ಮಹಾದೇವ. ನಮ್ಮ ಜನವೇ. ಮೈಯೆಲ್ಲ ಎಣ್ಣೆ, ಕಿವಿಯ ಮೇಲೊಂದು ಪೆನ್ಸಿಲ್ಲು. ಊಟದ ಹೊತ್ತಿನಲ್ಲಿ ಬಂದು ಅಜ್ಜನ ಕೈಮಗ್ಗದ ಬಳಿ ಕೂರುತ್ತಿದ್ದ.

“ನಿನ್ನ ಮಷೀನು ಎಳಿ ಕಡದ್ರೂ ಧಡಾಧಡಾ ಓಡತಾವಲ್ಲೋ ಮಹಾದೇವಾ. ಕುರುಡ ಕುದುರಿ ಹಂಗ!”

“ಅದಕ್ಕ ಬಂದೇನ್ರಿ ಅಜ್ಜಾ. ಗಂಟಿಲ್ಲದ ಜೋಡ್ಸೂದ ಒಂದ ಕಲಿಸಿ ಬಿಡ್ರಿ.”

ಕಲಿಯುತ್ತ ಕುಳಿತವನಿಗೆ ಬಾಯಾರಿಕೆ ಬಹಳ. ರಾಟೆಯ ಮುಂದೆ ಕಂಡಿಕೆ ಸುತ್ತುತ್ತ ಕುಳಿತ ನನ್ನ ಕೈಯಿಂದ ಒಂದು ತಾಸಿನಲ್ಲಿ ಮೂರು ಸಲ ನೀರು ಕೇಳುತ್ತಿದ್ದ. ಅಜ್ಜಿ ಕೆಂಚವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು, “ಈ ಹುಡುಗನ ಹೊಟ್ಟ್ಯಾಗ ಹಳ್ಳ ಐತೇನ ಬೇ ಗಂಗೂ?”

ಇನ್ನು ಮುಚ್ಚಿಟ್ಟು ಏನಾಗಬೇಕು. ನನಗೂ ಅವನಿಗೆ ನೀರು ಕೊಡುವುದು ಬೇಸರವಿರಲಿಲ್ಲ. ಅಜ್ಜನ ಕಣ್ಣಿಗೆ ಅದು ಬಿದ್ದಿತ್ತು. ಅವನೇ ನನ್ನ ಅಪ್ಪ ಸಿದ್ದಲಿಂಗನಿಗೆ ಹೇಳಿ ರಾಯಬಾಗಕ್ಕೆ ಮಾತು ಕಳಿಸಿದ.

ಮಹಾದೇವನ ಅಪ್ಪ ಮುರಗೆಪ್ಪ ಹಿರಿಯರನ್ನು ಕೂಡಿಸಿಕೊಂಡು ಒಂದು ಸೋಮವಾರ ಬಂದ. ದೊಡ್ಡ ಮೀಸೆ, ದೊಡ್ಡ ದನಿ, ಒಳ್ಳೆಯ ಮನುಷ್ಯ. ಅವಲಕ್ಕಿ ತಿಂದು, ಚಹಾ ಕುಡಿಯುತ್ತ, ಅಜ್ಜ ನೇಯ್ದ ಸೀರೆಯನ್ನು ತಿರುವಿ ತಿರುವಿ ಹೊಗಳಿದ. ನಾನು ಒಳಬಾಗಿಲ ಮರೆಯಲ್ಲಿದ್ದೆ.

“ಬೆಡಗೊಂದ ಹೇಳಿಬಿಡ್ರಿ, ಎಲಿ ಹಿಡಿಯೂಣು” ಎಂದ ಮುರಗೆಪ್ಪ.

“ನಮ್ಮದು ನೇರಲರಿ” ಎಂದ ಅಪ್ಪ.

ಮುರಗೆಪ್ಪ ಚಹಾದ ಬಸಿಯನ್ನು ನೆಲಕ್ಕಿಟ್ಟ. “ಏನಂದ್ರಿ?”

“ನೇರಲ.”

“ನಮ್ಮದೂ ನೇರಲ!”

ಮುರಗೆಪ್ಪ ತೊಡೆ ತಟ್ಟಿಕೊಂಡು ನಗತೊಡಗಿದ. ಎದ್ದು ಬಂದು ಅಜ್ಜನ ಎರಡೂ ಭುಜ ಹಿಡಿದ. “ರಾಯಬಾಗದಾಗ ನಮ್ಮವು ನಾಕ ಮನಿ. ಇಷ್ಟ ಅದೇವಂತ ತಿಳದಿದ್ವಿ. ಹೊಳಿ ದಂಡಿಗೆ ಇನ್ನೊಂದ ಮನಿ ಐತಂತ ಯಾರೂ ಹೇಳ್ಲಿಲ್ಲ ನೋಡ್ರಿ! ಬೀಗತನಾ ಮಾಡಾಕ ಬಂದ್ರ ಅಣ್ಣತಮ್ಮಕಿ ಸಿಕ್ತು. ವಯಸ್ಸಿಗೆ ನೀವು ನಮಗ ಕಾಕಾ ಆಗಬೇಕು. ಕಾಕಾ!” ಎಂದು ಬಗ್ಗಿ ಅಜ್ಜನ ಕಾಲು ಮುಟ್ಟಿದ.

ಸಂದಿಯಿಂದ ನಾನು ಅಜ್ಜನ ಮುಖವನ್ನೇ ನೋಡುತ್ತಿದ್ದೆ. ಅವನು ತನ್ನ ಭುಜದ ಮೇಲಿನ ಆ ಕೈಯನ್ನು ನೋಡುತ್ತಿದ್ದ. ಬಾಯಿ ತುಸು ತೆರೆದಿತ್ತು. ಏನೋ ಹೇಳುತ್ತಾನೆ ಎನ್ನಿಸಿತು. ಹೇಳಲಿಲ್ಲ. ಹೋಗುವಾಗ ಮುರಗೆಪ್ಪ ಓಣಿಗೆಲ್ಲ ಕೇಳುವಂತೆ, “ಬರತೇವ್ರಿ ಕಾಕಾ, ಮನಿ ಕಡೆ ಬರ್ರಿ” ಎಂದ. ಮಹಾದೇವ ಚಪ್ಪಲಿ ಮೆಟ್ಟುತ್ತ ತಲೆ ಎತ್ತಲಿಲ್ಲ. ಮರುದಿನ ಕೆಲಸಕ್ಕೂ ಬರಲಿಲ್ಲ.

ನಾನು ಅತ್ತೆನೋ ಬಿಟ್ಟೆನೋ ಅದನ್ನು ಬರೆಯುವುದಿಲ್ಲ. ಅಣ್ಣತಂಗಿ ಎಂದ ಮೇಲೆ ಅಳುವುದೂ ತಪ್ಪೆಂದು ನನಗೆ ಅನ್ನಿಸಿದ್ದು ಮಾತ್ರ ನೆನಪಿದೆ. ಅಜ್ಜ ಮೂರು ದಿನ ನೆಟ್ಟಗೆ ಉಣ್ಣಲಿಲ್ಲ. ನಾಲ್ಕನೆಯ ದಿನ ಮುಂಜಾನೆ ನನ್ನ ಹತ್ತಿರ ಬಂದು, “ಅಮ್ಮಾ, ಹೊಳೀತನಕ ಬಾ” ಎಂದ.

ದೂಧಗಂಗೆಯ ದಂಡೆಯಲ್ಲಿ ನೂಲು ತೊಳೆಯುವ ಕಲ್ಲುಗಳಿಂದ ಸ್ವಲ್ಪ ಆಚೆ ಒಂದು ದೊಡ್ಡ ನೇರಲ ಗಿಡವಿತ್ತು. ಏಳು ವರ್ಷದವಳಿದ್ದಾಗ ನಾನು ಕದ್ದು ತಿಂದದ್ದು ಅದೇ ಗಿಡದ ಹಣ್ಣು. ಅಜ್ಜ ಅದರ ಬೊಡ್ಡೆಗೆ ಅಂಗೈ ಊರಿ ಮೆಲ್ಲಗೆ ಕುಳಿತ.

“ಜಕ್ಕಪ್ಪ ಬಂದಾಗ ನಾ ಇಲ್ಲೇ ಕುಂತಿದ್ನಿ. ಹಿಂಗ. ನಮ್ಮವ್ವ ಅಲ್ಲಿ, ನೀ ನಿಂತೀ ನೋಡು, ಅಲ್ಲಿ ಮಲಗಿದ್ಳ.”

ನಾನು ಗಾಬರಿಯಾಗಿ ಎರಡು ಹೆಜ್ಜೆ ಸರಿದೆ.

“ಎರಡ ದಿನದಿಂದ ಹೊಟ್ಟಿಗಿ ಇರಲಿಲ್ಲ. ಗಿಡದ ಕೆಳಗ ಹಣ್ಣ ಬಿದ್ದಿದ್ವು. ಆಕಿ ಆರಿಸಿ ಆರಿಸಿ ನನ್ನ ಉಡಿಗಿ ಹಾಕಿದ್ಳು. ತಾ ಒಂದೂ ತಿನ್ನಲಿಲ್ಲ. ಹೊಟ್ಟಿ ತುಂಬ ತಿನ್ನು, ನಾ ಒಂದೀಟ ಅಡ್ಡ ಆಗತೇನಿ ಅಂದ್ಳು. ತಿನ್ಕೋತ ಕುಂತ್ನಿ. ಬಹಳ ಸೀ ಇದ್ವು. ಕರದ್ನಿ, ಏಳಲಿಲ್ಲ. ಮೈ ತಣ್ಣಗಾಗಿತ್ತು. ಗೊತ್ತಾತ ನನಗ. ಗೊತ್ತಾದ ಮ್ಯಾಲೂ ಉಡಿಯಾಗಿಂದು ತಿನ್ನಾಕತ್ತಿದ್ನಿ ನೋಡು, ಅಷ್ಟ ಹಸಿವು.”

ಹೊಳೆಯ ಆಚೆ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಅಜ್ಜ ಅವರನ್ನೇ ನೋಡುತ್ತ ಹೇಳಿದ.

“ಬೆಡಗ ಅಪ್ಪಗ ಗೊತ್ತಿತ್ತು. ನನಗ ಹೇಳೂದರಾಗ ಅಂವಾ ಹೋದ. ಅವತ್ತ ಏಕಸಂಬ್ಯಾಗ ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ನನ್ನದಂತ ಹೇಳಾಕ ನನ್ನ ಹಂತ್ಯಾಕ ಈ ಗಿಡ ಒಂದ ಇತ್ತು. ಹೇಳಿಬಿಟ್ಟೆ. ಖರೇ ನೇರಲದವರು ಎಲ್ಲೋ ಇರತಾರಂತ ನನಗೇನ ಕನಸಿತ್ತು?”

“ಮೊನ್ನೆ ಯಾಕ ಹೇಳ್ಲಿಲ್ಲ ಅಜ್ಜಾ?”

“ಕಾಕಾ ಅಂದ್ನಲ್ಲ ಅಮ್ಮಾ. ನನಗ ಯಾರ ಅಂದಾರ ಹಂಗ? ಇನ್ನೊಂದೀಟ ಹೊತ್ತ ಕಾಕಾ ಆಗಿರೂಣು ಅನ್ನಿಸ್ತು. ಅಷ್ಟರಾಗ ಅವ್ರು ಎದ್ದ ಹ್ವಾದ್ರು.”

ಆಮೇಲೆ ತಲೆಗೆ ಸುತ್ತಿದ ಪಟಕಾದ ತುದಿಯಿಂದ ಮುಖ ಒರೆಸಿಕೊಂಡ. “ನಾ ರಾಯಬಾಗಕ್ಕ ಹೋಗಿ ಖರೇ ಹೇಳಿ ಬರತೇನಿ. ನೀವಿಬ್ರೂ ಅಣ್ಣತಂಗಿ ಅಲ್ಲ. ನೀ ಒಮ್ಮೆ ಹೂಂ ಅನ್ನು, ಹೋಗತೇನಿ.”

ಹೇಳಿದರೆ ಏನಾಗುತ್ತದೆ ಎಂದು ತಿಳಿಯದಷ್ಟು ಸಣ್ಣವಳಾಗಿರಲಿಲ್ಲ ನಾನು. ಓಣಿಯಲ್ಲಿ ಯಾರ ಮದುವೆಯಾದರೂ ಬಾಸಿಂಗ ಕಟ್ಟಲು ಮೊದಲು ಕರೆಯುವುದು ಲಚ್ಚಪ್ಪಜ್ಜನನ್ನು. ಐವತ್ತೈದು ವರ್ಷ ಕೂಡಿ ಕಟ್ಟಿಕೊಂಡ ಆ ಜಾಗವನ್ನು ಅವನು ನನಗಾಗಿ ಬಿಟ್ಟುಕೊಡುತ್ತಿದ್ದ. ಬೇಡ ಅಜ್ಜಾ ಎಂದಿದ್ದರೆ ಅವನು ಹೋಗುತ್ತಿರಲಿಲ್ಲ. ನಾನು ಹೂಂ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಕಾಲಬೆರಳಿನಿಂದ ಮಣ್ಣು ಕೆದರುತ್ತ ನಿಂತೆ. ಅಜ್ಜ ಅದನ್ನೇ ಹೂಂ ಎಂದು ತಿಳಿದ. ಅವನು ತಪ್ಪು ತಿಳಿಯಲಿಲ್ಲ.

ಮರುದಿನ ತಾನೇ ನೇಯ್ದ ಧೋತರ ಉಟ್ಟು, ಅಪ್ಪನನ್ನು ಕರೆದುಕೊಂಡು, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ರಾಯಬಾಗಕ್ಕೆ ಹೋದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಂದರು. ಅಜ್ಜ ನೇರ ಮಗ್ಗದ ಬಳಿ ಹೋದ. ಅಪ್ಪ ಕಟ್ಟೆಯ ಮೇಲೆ ಕುಳಿತು ಹೇಳಿದ. ಮುರಗೆಪ್ಪ ಎಲ್ಲವನ್ನೂ ಕೇಳಿದನಂತೆ. ಬೈಯಲಿಲ್ಲವಂತೆ. ಚಹಾ ಮಾಡಿಸಿದನಂತೆ. ಆಮೇಲೆ ಅಂದನಂತೆ:

“ನೀವು ಹಿರ್ಯಾರು, ನಿಮ್ಮ ಮ್ಯಾಲ ಸಿಟ್ಟಿಲ್ರಿ. ಆದ್ರ ಬೆಡಗ ಒಂದಾದ್ರ ಹುಡುಗೂರು ಅಣ್ಣತಂಗಿ. ಬೆಡಗ ಇಲ್ಲಂದ್ರ, ಯಾರ ಮನಿ ಹೆಣ್ಣ ತಂದಿ ಅಂತ ಮಂದಿ ಕೇಳ್ತಾರ. ನಾ ಏನ ಹೇಳ್ಲಿ? ನಾ ಇನ್ನೂ ಎರಡ ಹೆಣ್ಣಮಕ್ಕಳ ಲಗ್ನಾ ಮಾಡಬೇಕ್ರಿ.”

ಅವನು ಕಾಕಾ ಎಂದು ಒಮ್ಮೆಯೂ ಕರೆಯಲಿಲ್ಲ ಎಂಬುದನ್ನು ಅಪ್ಪ ಕಡೆಗೆ, ಅಜ್ಜನಿಗೆ ಕೇಳದಂತೆ, ಮೆಲ್ಲಗೆ ಹೇಳಿದ.

ಇಂಥ ಸುದ್ದಿಗೆ ಬಸ್ಸು ಬೇಕಾಗುವುದಿಲ್ಲ. ಮಗ್ಗದಿಂದ ಮಗ್ಗಕ್ಕೆ ತಾನೇ ಹೋಗುತ್ತದೆ. ಒಂದು ವಾರದಲ್ಲಿ ಓಣಿಗೆಲ್ಲ ಗೊತ್ತಾಯಿತು. ಯಾರೂ ಜಗಳಕ್ಕೆ ಬರಲಿಲ್ಲ, ಮನೆ ಬಿಡಿ ಎನ್ನಲಿಲ್ಲ. ಆ ವೈಶಾಖದಲ್ಲಿ ಓಣಿಯಲ್ಲಿ ಮೂರು ಮದುವೆಯಾದವು, ಮೂರಕ್ಕೂ ಬಾಸಿಂಗ ಬೇರೆಯವರು ಕಟ್ಟಿದರು. ಅಷ್ಟೇ. ಅಜ್ಜ ಹಂದರದ ಕೊನೆಯ ಗಳದ ಹತ್ತಿರ ಕುಳಿತು ಉಂಡು ಬಂದ. ಒಂದು ದಿನ ನೂಲಿನ ಗಂಟು ತರುವಾಗ ಹಿಂದಿನಿಂದ ಯಾರೋ ತೆಲಂಗ್ಯಾ ಎಂದು ಕೂಗಿದರು. ಕೂಗಿದವನು ಆ ಹೆಸರು ಹುಟ್ಟಿದಾಗ ತಾನಿನ್ನೂ ಹುಟ್ಟಿರದ ಹುಡುಗ.

ಏಕಸಂಬಿಯಿಂದ ಅಜ್ಜಿಯ ಅಣ್ಣನ ಮಗ ಬಂದು ಕಟ್ಟೆಯ ಮೇಲೆ ನಿಂತು ಎಗರಾಡಿದ. “ಆತ್ಯಾ, ನಿನ್ನ ಗಂಡ ನಮ್ಮ ಮನಿತನಕ್ಕ ಮೋಸ ಮಾಡ್ಯಾನ!”

ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಮದವಿ ಆದ ಮೂರನೇ ದಿನಾನ ನನಗ ಎಲ್ಲಾ ಹೇಳ್ಯಾನಪ್ಪಾ. ಕಟಗೊಂಡಾಕಿಗೆ ಆಗದ ಮೋಸ ನಿನಗ್ಹೆಂಗಾತೋ? ಕುಂಡರ, ರೊಟ್ಟಿ ತಿಂದ ಹೋಗು.”

ಅವನು ತಿನ್ನದೆ ಹೋದ. ಅವರ ಮನೆಯಿಂದ ಆಮೇಲೆ ಯಾರೂ ಬರಲಿಲ್ಲ.

ಅಜ್ಜ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಎಂದಿನಂತೆ ಪೇಪರು ಮಡಿಸಿ ಇಡುತ್ತಿದ್ದ. ನಾನು ಓದಿ ಹೇಳುತ್ತಿದ್ದೆ. ಎಲ್ಲಿಯದೋ ಮಳೆ, ಎಲ್ಲಿಯದೋ ಚುನಾವಣೆ, ಯಾವ ತಿಂಗಳದ್ದೋ ಪೇಪರು. ಅವನು ಎಲ್ಲಕ್ಕೂ ತಲೆಯಾಡಿಸುತ್ತಿದ್ದ. ಅವನ ಕಣ್ಣು ಮಂಜಾಗಿ ಎಳೆ ಕಾಣದಂತಾಯಿತು. ಕೈಗೆ ಮಾತ್ರ ಇನ್ನೂ ಕಾಣುತ್ತಿತ್ತು. ಅವನ ಎದುರು ಕುಳಿತು, ಅಜ್ಜಾ ನನ್ನದು ತಪ್ಪಾಯಿತು, ಅಂದು ನಿನ್ನನ್ನು ತಡೆಯಬೇಕಿತ್ತು ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. “ಏನ ಅಮ್ಮಾ?” ಎನ್ನುತ್ತಿದ್ದ. ಏನಿಲ್ಲ ಎಂದು ಮುಂದಿನ ಸಾಲು ಓದುತ್ತಿದ್ದೆ.

ಮರುವರ್ಷ ಆಷಾಢದಲ್ಲಿ ನಾಲ್ಕು ದಿನದ ಜ್ವರಕ್ಕೆ ಅಜ್ಜ ಹೋದ. ಮಳೆ ಹಿಡಿದಿತ್ತು. ಅವನ ತಂದೆ ತಾಯಿ ಊರಿಂದ ತಂದಿದ್ದ ಆ ಲಾಳಿಯನ್ನು ಅಜ್ಜಿ ಅವನ ಕೈಯಲ್ಲಿಟ್ಟು ಬೆರಳು ಮಡಿಸಿದಳು. ಓಣಿಯ ಜನ ಬಂದರು. ಬರಲಿಲ್ಲ ಎಂದು ದೂರುವಂತಿಲ್ಲ. ಊರ ಹೊರಗಿನ ನಮ್ಮ ಜನದ ಮಣ್ಣಿನ ಜಾಗಕ್ಕೆ ಒಯ್ದರು. ಹೆಂಗಸರು ನಾವು ತುಸು ದೂರ, ಬೇಲಿಯ ಬದಿಗೆ ನಿಂತೆವು.

ನಮ್ಮಲ್ಲಿ ಮೊದಲ ಹಿಡಿ ಮಣ್ಣು ಮಗ ಹಾಕಬೇಕು. ಎರಡನೆಯದು ಬೆಡಗಿನವರು, ರಕ್ತ ಹಂಚಿಕೊಂಡ ಅಣ್ಣತಮ್ಮಂದಿರು. ಆಮೇಲೆ ಊರವರು. ಅಪ್ಪ ಹಾಕಿದ. ಭೀಮಸಿ ಎಂಬ ಹಿರಿಯ ಯಾವಾಗಲೂ ಕೂಗುವ ಮಾತನ್ನು ರೂಢಿಯ ಮೇಲೆ ಕೂಗಿಬಿಟ್ಟ.

“ಬೆಡಗಿನವರು ಬರ್ರಿ!”

ಕೂಗಿದ ಮೇಲೆ ನಾಲಗೆ ಕಚ್ಚಿಕೊಂಡ. ಯಾರೂ ಅಲುಗಲಿಲ್ಲ. ಮಳೆ ಅಜ್ಜನ ಮೇಲೆ ಬೀಳುತ್ತಿತ್ತು. ಅಪ್ಪ ಕುಣಿಯ ಅಂಚಿನಲ್ಲಿ ಒಬ್ಬನೇ ನಿಂತಿದ್ದ. ಇರಲಿ, ಊರವರೇ ಹಾಕಲಿ ಎಂದು ಯಾರೋ ಗೊಣಗಿದರು.

“ಬಂದೇವ್ರಿ” ಎಂದು ಹಿಂದಿನಿಂದ ದೊಡ್ಡ ದನಿ ಕೇಳಿತು.

ಮುರಗೆಪ್ಪ. ಅವನ ಹಿಂದೆ ರಾಯಬಾಗದ ಇನ್ನಿಬ್ಬರು, ಅವರ ಹಿಂದೆ ಮಹಾದೇವ. ಬಸ್ಸಿಳಿದು ಕೆಸರಿನಲ್ಲಿ ನೇರ ಇಲ್ಲಿಗೇ ನಡೆದು ಬಂದಿದ್ದರು. ಮೊಳಕಾಲವರೆಗೆ ಅರಲು ಮೆತ್ತಿತ್ತು. ಜನ ದಾರಿ ಬಿಟ್ಟಿತು. ಮುರಗೆಪ್ಪ ಪಟಕಾ ತೆಗೆದು ಕಂಕುಳಲ್ಲಿಟ್ಟುಕೊಂಡು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ.

“ಮುರಗೆಪ್ಪಾ, ಇವರ ಬೆಡಗ…” ಎಂದು ಭೀಮಸಿ ತಡವರಿಸಿದ.

“ನಾ ಇವರ ಕಾಲ ಮುಟ್ಟಿ ಕಾಕಾ ಅಂದೇನಿ. ಆಮ್ಯಾಲ ನನ್ನ ಹೆಣ್ಣಮಕ್ಕಳ ಚಿಂತಿಗೆ ಹಿಂದ ಸರದ್ನಿ, ಅದು ನನ್ನ ತಪ್ಪ. ಅಂದದ್ದ ಅಂದದ್ದ. ಇವ್ರು ನೇರಲದವ್ರು. ಇಲ್ಲಂತ ಯಾರ ಅಂತೀರಿ, ನನ್ನ ಮುಂದ ಬಂದ ಅನ್ರಿ.”

ಅವನು ಮಣ್ಣು ಹಾಕಿದ. ಇನ್ನಿಬ್ಬರು ಹಾಕಿದರು. ಕಡೆಗೆ ಮಹಾದೇವ ಬಗ್ಗಿ ಹಾಕಿದ. ಬೇಲಿಯ ಬಳಿ ಅಜ್ಜಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಸಿಕ್ರು ನೋಡ, ನಿಮ್ಮಜ್ಜಗ ತನ್ನವರು ಸಿಕ್ರು” ಎಂದು ಅತ್ತಳು. ಮಹಾದೇವನ ಕೈಯಿಂದ ಆ ಮಣ್ಣು ಬಿದ್ದಾಗಲೇ ನನ್ನದೇನಾಯಿತು ಎಂಬುದೂ ತಿಳಿಯಿತು.

ಮಣ್ಣಿಗೆ ಹೋದವರು ಸತ್ತವರ ಮನೆಗೆ ಬಂದು ಕೈಕಾಲು ತೊಳೆದುಕೊಂಡು ಹೋಗಬೇಕು. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತವಳು ನಾನು. ಒಬ್ಬೊಬ್ಬರೇ ಬಂದರು, ನೀರು ಹಾಕಿದೆ. ಕಡೆಯಲ್ಲಿ ಮಹಾದೇವ ಬಂದ. ಅಂಗೈಗೆ ಮಣ್ಣು ಅಂಟಿತ್ತು. ಮೊದಲಿನಂತೆ ಕೇಳಲಿಲ್ಲ, ನಾನೇ ನೀರು ಹಾಕಿದೆ. ಅವನು ತೊಳೆದುಕೊಂಡು ನೆಟ್ಟಗೆ ನಿಂತ.

“ಬರತೇನಿ ತಂಗಿ” ಎಂದ.

ನೇರಲ ಗಿಡದ ಕೆಳಗೆ ನನ್ನ ಬಾಯಿಂದ ಹೊರಡದ ಆ ಮಾತು ಆಗ ಹೊರಟಿತು.

“ಹೂಂ ಅಣ್ಣಾ.”

ಆ ಮೇಲೆ ನನ್ನ ಮದುವೆ ನಿಪ್ಪಾಣಿಗೆ ಆಯಿತು. ಬೆಡಗು ಕೇಳಿದಾಗ ಅಪ್ಪ ನೇರಲ ಎಂದ, ಪಕ್ಕದಲ್ಲಿ ಮುರಗೆಪ್ಪ ಮೀಸೆ ತೀಡುತ್ತ ಕುಳಿತಿದ್ದ. ಅಣ್ಣ ಕೊಡಬೇಕಾದ ಸೀರೆ ರಾಯಬಾಗದಿಂದ ಬಂತು. ಗಂಡ ಒಳ್ಳೆಯವನೇ ಇದ್ದ, ಬಾಳಿದೆವು. ಅವನು ತೀರಿದ ಮೇಲೆ ತಮ್ಮ ಬಂದು ಈ ಮನೆಗೆ ಕರೆತಂದ. ಮಹಾದೇವ ಹೋಗಿ ನಾಲ್ಕು ವರ್ಷವಾಯಿತು. ಅವನ ಮಗ ಫೋನು ಮಾಡಿ, “ಆತ್ಯಾ, ಅಪ್ಪ ಹೋದ್ರು” ಎಂದ. ಹತ್ತು ದಿನ ಸೂತಕ ಹಿಡಿದೆ. ತಂಗಿಯಾದವಳು ಹಿಡಿಯಬೇಕು.

ಇಷ್ಟನ್ನು ಬರೆದು ಪ್ರಾಜಕ್ತಾಳ ಕೈಗೆ ಕೊಟ್ಟೆ. ಅವಳು ಕಟ್ಟೆಯ ಮೇಲೆ ಕುಳಿತು ಓದಿದಳು. ನಾನು ಒಳಗೆ ಅಕ್ಕಿ ಆರಿಸುತ್ತ ಕುಳಿತಿದ್ದೆ. ಬಹಳ ಹೊತ್ತಿನ ಮೇಲೆ ಬಂದು ಬಾಗಿಲಿಗೆ ಒರಗಿ ನಿಂತಳು.

“ಆ ಗಿಡ ಎಲ್ಲೈತಿ ಆಯಿ?”

“ಈಗಿಲ್ಲ. ದೊಡ್ಡ ಹೊಳಿ ಬಂದ ವರ್ಷ ದಂಡೀನ ಕಡಕೊಂಡ ಹೋತು. ಗಿಡಾನೂ ಹೋತು.”

“ಅದರ ಬುಡಕಿದ್ದಾಕಿನೂ?”

“ಹೂಂ. ಆಕಿನೂ.”

ಹುಡುಗಿ ಗೂಡಿನಲ್ಲಿದ್ದ ನೇರಲ ಪುಡಿಯ ಡಬ್ಬಿಯನ್ನು ತಾನೇ ತೆಗೆದುಕೊಂಡು ಹೊರಗೆ ಹೋದಳು.